ಕೀಲು ಸಡಿಲಿದ ವೀರರು

ಗಂಡುಹುಡುಗರು ಗೊಂಬೆಯಾಡುವುದಿಲ್ಲ ಎಂಬ ನಂಬಿಕೆಯಿಂದ ಹುಟ್ಟಿದ ಹೆಸರು ‘ಆ್ಯಕ್ಷನ್ ಫಿಗರ್’. 1959ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಬಾರ್ಬಿಯನ್ನು ಹೊರತಂದಿತು. ಒಂದು ಗೊಂಬೆ ಮಾರಿದರೆ ಅದರ ಹಿಂದೆ ಹತ್ತು ಜೊತೆ ಬಟ್ಟೆ ಮಾರಬಹುದು ಎಂಬ ಗುಟ್ಟು ಆಗ ಎಲ್ಲರಿಗೂ ತಿಳಿಯಿತು. ಅದೇ ಲೆಕ್ಕವನ್ನು ಹುಡುಗರ ಮೇಲೆ ಹೂಡಲು ಹೊರಟವನು ಸ್ಟಾನ್ ವೆಸ್ಟನ್ ಎಂಬ ಲೈಸೆನ್ಸ್ ದಲ್ಲಾಳಿ. ಅವನ ಸೈನಿಕನ ಕಲ್ಪನೆಯನ್ನು ಹ್ಯಾಸ್‌ಬ್ರೋ ಕಂಪನಿಯ ಡಾನ್ ಲೆವಿನ್ ಕೈಗೆತ್ತಿಕೊಂಡ. 1964ರಲ್ಲಿ ಹನ್ನೊಂದೂವರೆ ಅಂಗುಲ ಎತ್ತರದ ಜಿ.ಐ. ಜೋ ಅಂಗಡಿಗೆ ಬಂದ. ಮಾರುವವರ ಬಾಯಲ್ಲಿ ‘ಡಾಲ್’ ಎಂಬ ಮಾತು ಬರಕೂಡದೆಂದೇ ಆ ಹೊಸ ಹೆಸರು.

ನಾನು ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಬಕೆಟ್ಟಿನ ಹಿಡಿ, ಸ್ವಿಚ್ಚಿನ ಡಬ್ಬ, ಮಿಕ್ಸಿಯ ಮುಚ್ಚಳ ಇವೇ ನನ್ನ ಸೃಷ್ಟಿ. ಹೀಗಾಗಿ ಯಾವ ಗೊಂಬೆ ಕೈಗೆ ಬಂದರೂ ಮುಖ ನೋಡುವುದಕ್ಕೆ ಮೊದಲು ಅದರ ಕಂಕುಳು ನೋಡುತ್ತೇನೆ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಎಲ್ಲಿದೆ, ಮೊಣಕೈಗೆ ಏನು ಹಾಕಿದ್ದಾರೆ ಎಂಬುದೇ ನನಗೆ ಮುಖ್ಯ. ಆ ಕಣ್ಣಿನಿಂದ ನೋಡಿದರೆ ಅರವತ್ತು ವರ್ಷಗಳ ಈ ಚರಿತ್ರೆಯೆಲ್ಲ ಒಂದೇ ಜಗಳ. ಕೈ ಬಗ್ಗಬೇಕು, ಆದರೆ ಬಗ್ಗುವ ಜಾಗ ಕಾಣಬಾರದು.

ಮೊದಲ ಜೋ ಈ ಜಗಳಕ್ಕೆ ತಲೆಕೆಡಿಸಿಕೊಂಡವನಲ್ಲ. ‘21 ಚಲಿಸುವ ಭಾಗಗಳು’ ಎಂಬುದೇ ಅವನ ಜಾಹೀರಾತು. ಕೈಕಾಲಿನ ಗಿಣ್ಣುಗಳಿಗೆ ಲೋಹದ ರಿವೆಟ್ಟು ಬಡಿದು, ಮುಂಡದ ಒಳಗೆ ಎಲಾಸ್ಟಿಕ್ಕನ್ನು ಕೊಕ್ಕೆಗೆ ಸಿಕ್ಕಿಸಿ ಅಂಗಾಂಗಗಳನ್ನು ಎಳೆದು ಕಟ್ಟಿದ್ದರು. ಕೀಲು ಕಂಡರೆ ಕಾಣಲಿ, ಮೇಲೆ ಸಮವಸ್ತ್ರವಿದೆಯಲ್ಲ! ಬರಿಯ ಮನುಷ್ಯಾಕಾರದ ಮೇಲೆ ಹಕ್ಕು ಸಾಧಿಸುವುದು ಕಷ್ಟವೆಂದು ಬಲಗೆನ್ನೆಗೆ ಒಂದು ಗಾಯದ ಗೆರೆ ಎಳೆದರು. ಬಲಗೈ ಹೆಬ್ಬೆರಳಿನ ಉಗುರಂತೂ ಬೆರಳಿನ ಒಳಬದಿಗಿತ್ತು. ಅದು ಅಚ್ಚು ಮಾಡುವಾಗ ಆದ ತಪ್ಪು ಎಂದೇ ಹೆಚ್ಚಿನವರು ಹೇಳುತ್ತಾರೆ. ನಕಲು ಮಾಡುವವನು ಆ ಉಗುರನ್ನೂ ನಕಲು ಮಾಡಿ ಸಿಕ್ಕಿಬೀಳಲಿ ಎಂದು ತಿದ್ದದೆ ಉಳಿಸಿಕೊಂಡರಂತೆ. ನಮ್ಮ ಕಾರ್ಖಾನೆಯಲ್ಲಿ ಹಾಗೆ ಮಾಡಿದ್ದರೆ ಫೋರ್‌ಮನ್ನು ಅದಕ್ಕೆ ಇಂಥ ಉಪಯೋಗ ಹುಡುಕುತ್ತಿರಲಿಲ್ಲ, ಬೈಗುಳ ಹುಡುಕುತ್ತಿದ್ದ.

1974ರಲ್ಲಿ ಅದೇ ಜೋಗೆ ಮೆತ್ತನೆಯ ಬೆರಳುಗಳು ಬಂದವು, ‘ಕುಂಗ್‌ಫೂ ಹಿಡಿತ’ ಎಂಬ ಹೆಸರಿನಲ್ಲಿ. ಬಂದೂಕನ್ನಾಗಲಿ ಹಗ್ಗವನ್ನಾಗಲಿ ಹಿಡಿದರೆ ಬಿಡದ ಕೈ. ಮೆತ್ತಗಿದ್ದದ್ದು ವರ್ಷ ಕಳೆದಂತೆ ಒಣಗಿ, ಬೆರಳು ಒಂದೊಂದಾಗಿ ಉದುರಿದವು. ಹತ್ತು ಬೆರಳೂ ಉಳಿದಿರುವ ಆ ಕಾಲದ ಜೋ ಇವತ್ತು ಸಿಗುವುದು ಅಪರೂಪ.

ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಪ್ಲಾಸ್ಟಿಕ್ಕಿನ ಬೆಲೆ ಏರಿತ್ತು. ದೊಡ್ಡ ಜೋನ ಕಾಲ 1976ಕ್ಕೆ ಮುಗಿಯಿತು. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಗೊಂಬೆ ಮಾಡಲು ಒಪ್ಪಿದ ಕೆನ್ನರ್ ಕಂಪನಿ ಆಳನ್ನು ಮೂರೂಮುಕ್ಕಾಲು ಅಂಗುಲಕ್ಕೆ ಇಳಿಸಿತು. ಕುತ್ತಿಗೆ, ಎರಡು ಭುಜ, ಎರಡು ತೊಡೆ, ಒಟ್ಟು ಐದೇ ಕೀಲು. ಆ ವರ್ಷದ ಕ್ರಿಸ್‌ಮಸ್ಸಿಗೆ ಗೊಂಬೆ ಸಿದ್ಧವಾಗದೆ, ‘ಆಮೇಲೆ ಕಳಿಸುತ್ತೇವೆ’ ಎಂಬ ಚೀಟಿಯಿಟ್ಟ ರಟ್ಟಿನ ಲಕೋಟೆಯನ್ನೇ ಮಾರಿದರು, ಜನ ಕೊಂಡರು. 1978ರ ಮೊದಲ ಗೊಂಬೆಗಳಲ್ಲಿ ಕೆಲವಕ್ಕೆ ತೋಳಿನೊಳಗಿಂದ ಜಾರಿ ಬರುವ ಬೆಳಕಿನ ಕತ್ತಿ ಇತ್ತು. ಕತ್ತಿಯೊಳಗಿಂದ ಮತ್ತೊಂದು ಸಣ್ಣ ಕತ್ತಿ. ಆ ಎರಡನೆಯದು ತೀರಾ ತೆಳು, ಬಗ್ಗುತ್ತಿತ್ತು, ಮುರಿಯುತ್ತಿತ್ತು. ಬಹು ಬೇಗ ಕೈಬಿಟ್ಟರು. ಕೈಬಿಟ್ಟಿದ್ದರಿಂದಲೇ ಅದು ಉಳಿದಿರುವ ಗೊಂಬೆಗೆ ಇಂದು ಕಣ್ಣು ತಿರುಗುವಷ್ಟು ಬೆಲೆ, ಮತ್ತು ಆ ತುಂಡು ಕತ್ತಿಯ ನಕಲುಗಳ ಸಂತೆ. ದೋಷಕ್ಕೇ ದುಡ್ಡು ಬರುವ ಇಂಥ ವ್ಯಾಪಾರ ನಾನು ಬೇರೆ ಕಂಡಿಲ್ಲ.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು 1982ರ ಸಣ್ಣ ಜಿ.ಐ. ಜೋ. ಬೆನ್ನಿನಲ್ಲಿ ಒಂದೇ ಒಂದು ಸ್ಕ್ರೂ. ಬಿಚ್ಚಿದರೆ ಎದೆ ಎರಡು ಹೋಳಾಗುತ್ತದೆ. ಒಳಗೆ ಒಂದು ಕಪ್ಪು ರಬ್ಬರಿನ ಉಂಗುರ ಮುಂಡವನ್ನೂ ಕಾಲುಗಳನ್ನೂ ಎಳೆದು ಹಿಡಿದಿರುತ್ತದೆ, ಪಂಪು ರಿಪೇರಿಯವರು ‘ಓ ರಿಂಗ್’ ಎನ್ನುವುದೇ ಅದು. ಕೆಲವು ವರ್ಷಕ್ಕೆ ಅದು ಸೋತು ತುಂಡಾಗುತ್ತದೆ, ಸೈನಿಕ ಸೊಂಟದಲ್ಲಿ ಎರಡಾಗುತ್ತಾನೆ. ಇದನ್ನು ವಿನ್ಯಾಸದ ದೊಡ್ಡ ಲೋಪ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಅಂಥ ಉಂಗುರ ಸಿಗುತ್ತದೆ, ಹತ್ತು ವರ್ಷದ ಹುಡುಗ ಐದು ನಿಮಿಷದಲ್ಲಿ ಬದಲಿಸಬಲ್ಲ. ಸೋಲುವುದನ್ನು ಒಂದೇ ಕಡೆ, ಅಗ್ಗದ ಭಾಗದಲ್ಲಿ, ಕೈಗೆಟಕುವಂತೆ ಇಟ್ಟವನು ಕೆಲಸ ಬಲ್ಲವನು. ನಮ್ಮ ದೇಶದಲ್ಲೂ ಈ ಗೊಂಬೆಗಳು ತಯಾರಾದವು. ಹ್ಯಾಸ್‌ಬ್ರೋ ಜೊತೆ ಸೇರಿ ಟೈರು ಕಂಪನಿಯಾದ ಎಂ.ಆರ್.ಎಫ್. ಆರಂಭಿಸಿದ ಫನ್‌ಸ್ಕೂಲ್ ಸಂಸ್ಥೆ ಹ್ಯಾಸ್‌ಬ್ರೋ ಅಚ್ಚುಗಳಲ್ಲೇ ಎರಕ ಹೊಯ್ದು 1990ರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಮಾರಿತು. ಬಣ್ಣಗಳು ಅಮೆರಿಕದಂತಿರಲಿಲ್ಲ. ಆ ಬೇರೆ ಬಣ್ಣಕ್ಕಾಗಿಯೇ ಹೊರದೇಶದ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ.

ಜಪಾನಿನ ಯಂತ್ರಮಾನವ ಗೊಂಬೆಗಳಲ್ಲಿ, ಮುಖ್ಯವಾಗಿ ‘ಟ್ರಾನ್ಸ್‌ಫಾರ್ಮರ್ಸ್’ನಲ್ಲಿ, 1980ರ ದಶಕದ ಕೊನೆಗೆ ಬೇರೊಂದು ಕಾಯಿಲೆ ಕಾಣಿಸಿತು. ಬಣ್ಣ ಬಳಿಯುವ ಬದಲು ಪ್ಲಾಸ್ಟಿಕ್ಕಿಗೇ ಹೊಳೆಯುವ ಹುಡಿ ಬೆರೆಸಿ ಚಿನ್ನದ ಹೊಳಪು ತಂದರು. ಹುಡಿ ಮತ್ತು ಪ್ಲಾಸ್ಟಿಕ್ ಒಂದನ್ನೊಂದು ಗಟ್ಟಿಯಾಗಿ ಹಿಡಿಯುವುದಿಲ್ಲ. ಎರಕ ಹರಿದ ಗೆರೆಗಳಲ್ಲೇ ಬಿರುಕಿಗೆ ದಾರಿ. ಮುಟ್ಟದೆ, ಬಾಕ್ಸ್ ತೆರೆಯದೆ ಇಟ್ಟ ಗೊಂಬೆಯ ಕೀಲೂ ಬಿಸ್ಕತ್ತಿನಂತೆ ಪುಡಿಯಾಯಿತು. ಮಗು ಆಡಿ ಮುರಿಯುವುದು ಒಂದು ಲೆಕ್ಕ, ಕಪಾಟಿನಲ್ಲಿ ನಿಂತಲ್ಲೇ ಮುರಿಯುವುದು ಇನ್ನೊಂದು.

ಆಮೇಲೆ ಕೊಳ್ಳುವವರೇ ಬದಲಾದರು. ಹಿಂದಿನ ಹುಡುಗರು ಸಂಬಳ ಎಣಿಸುವ ಗಂಡಸರಾಗಿದ್ದರು. ಅಮೆರಿಕದ ಸೈಡ್‌ಶೋ, 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಆರಂಭವಾದ ಹಾಟ್ ಟಾಯ್ಸ್ ಮುಂತಾದವು ಅವರಿಗಾಗಿ ಮನುಷ್ಯನ ಆರನೆಯ ಒಂದು ಪಾಲಿನ ಗೊಂಬೆ ಮಾಡಿದವು. ಅಳತೆ ಸುತ್ತಿ ಬಳಸಿ ಹಳೆಯ ಜೋನ ಹನ್ನೆರಡು ಅಂಗುಲಕ್ಕೇ ಬಂತು. ಚರ್ಮದ ರಂಧ್ರ, ರೆಪ್ಪೆಯ ನೆರಳು ಎಲ್ಲ ಕೈಯಿಂದ ಬಣ್ಣ ಹಾಕಿದ್ದು. ಬೆಲೆ ನೂರಾರು ಡಾಲರು.

ಸನ್ನಿವೇಲ್‌ನಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಗಾಜಿನ ಬೀರು ತುಂಬ ಇವೇ. 2019ರಲ್ಲಿ ಹೋದಾಗ ನಾನು ಎಂದಿನಂತೆ ಕಂಕುಳು ನೋಡಲು ಕೈ ಚಾಚಿದೆ.

“ಮುಟ್ಟಬೇಡಿ ಮಾವ, ಅದರ ಕೈ ಬಿರುಕು ಬಿಟ್ಟಿದೆ” ಎಂದ.

ಒಬ್ಬ ಬರಿಮೈ ಜಟ್ಟಿ. ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಅದರ ಮೇಲೆ ಹೊಲಿಗೆಯಿಲ್ಲದ ಮೃದುವಾದ ಕೃತಕ ಚರ್ಮ. ಕೀಲು ಎಲ್ಲೂ ಕಾಣದು. ಹಳೆಯ ಜಗಳ ಕೊನೆಗೂ ಇತ್ಯರ್ಥವಾಯಿತು ಎನ್ನುವಂತಿತ್ತು, ಮೊಣಕೈ ನೋಡುವವರೆಗೆ. ಏಳು ವರ್ಷ ಮುಷ್ಟಿಯೆತ್ತಿ ನಿಂತದ್ದರಿಂದ ಮೊಣಕೈಯ ಹೊರಬದಿಯ ಚರ್ಮ ಸದಾ ಎಳೆತದಲ್ಲಿತ್ತು. ಅಲ್ಲಿಯೇ ಸೀಳಿತ್ತು. ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ. ಅವನು ಬರೆದ ಪತ್ರಕ್ಕೆ, ಒಂದೇ ಭಂಗಿಯಲ್ಲಿ ಬಹುಕಾಲ ಬಿಡಬಾರದಿತ್ತು ಎಂಬ ಉತ್ತರ ಬಂದಿತ್ತಂತೆ.

“ನನ್ನ ಮಗಳಿಗೆ ಇದೇ ಒಂದು ಆಸ್ತಿ ಅಂದ್ಕೊಂಡಿದ್ದೆ ಮಾವ. ಇನ್ನೆಷ್ಟು ವರ್ಷ ಬರುತ್ತೆ ಹೇಳಿ?” ಎಂದು ಕೇಳಿದ.

ಹೇಳುವುದು ಸುಲಭವಿರಲಿಲ್ಲ. ಪಿ.ವಿ.ಸಿ. ಹುಟ್ಟಿನಿಂದ ಗಟ್ಟಿ, ಮೆತ್ತಗಾಗಲು ಎಣ್ಣೆಯಂಥ ದ್ರವ ಬೆರೆಸುತ್ತಾರೆ, ಕೆಲವೊಮ್ಮೆ ತೂಕದ ಮೂರನೆಯ ಒಂದು ಪಾಲಿನಷ್ಟು. ಅದು ಅಂಟಿಕೊಂಡಿರುವುದಿಲ್ಲ, ಒಳಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೆ. ನಿಧಾನವಾಗಿ ಮೇಲಕ್ಕೆ ಬಂದು ಮೈ ಜಿಗುಟಾಗುತ್ತದೆ, ಒಳಗು ಒಣಗುತ್ತದೆ. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಯ್ವೋನ್ ಶಶೂವಾ ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಪಾಲಿಥೀನ್ ಚೀಲ ಆ ಎಣ್ಣೆಯನ್ನು ಹೀರುತ್ತದೆ, ಮುಚ್ಚಿದ ಗಾಜಿನೊಳಗೆ ಸೋರಿಕೆ ನಿಧಾನವಾಗುತ್ತದೆ ಎಂದು ತೋರಿಸಿದರು. ಇನ್ನು ಗೊಂಬೆಗಳ ‘ಚರ್ಮದ’ ಜಾಕೆಟ್ಟು ಹೆಚ್ಚಾಗಿ ಪಾಲಿಯುರೆಥೇನ್ ಲೇಪ. ಅದಕ್ಕೆ ಗಾಳಿಯ ತೇವವೇ ಶತ್ರು. ಕಪಾಟಿನಲ್ಲಿಟ್ಟ ಬೂಟಿನ ಅಟ್ಟೆ ಒಂದು ಮಳೆಗಾಲದಲ್ಲಿ ಪುಡಿಯಾದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಣ್ಣ ಒಣಗಿ ಅಂಟಿಕೊಂಡ ಕೀಲನ್ನು ಬಿಸಿ ಗಾಳಿ ಹಿಡಿದು ಬಿಡಿಸಬಹುದು, ಮುರಿದ ಕಣಕಾಲಿಗೆ ತಂತಿ ಹಾಕಬಹುದು. ಈ ಚರ್ಮವನ್ನು ಮಾತ್ರ ಜೆ.ಸಿ. ರಸ್ತೆಯಲ್ಲಿ ಕೊಳ್ಳಲಾಗದು.

ಇದನ್ನೆಲ್ಲ ಅವನಿಗೆ ಹೇಳಿದೆ. ಮಗಳಿಗೆ ಆಗ ಆರು ವರ್ಷ, ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಆ ರಾತ್ರಿ ಅವನು ಬೀರುವಿನ ಬಾಗಿಲು ತೆಗೆದು ಒಬ್ಬೊಬ್ಬರ ಮುಷ್ಟಿಯನ್ನೂ ಮೆಲ್ಲಗೆ ಇಳಿಸಿದ. ಬೆಳಿಗ್ಗೆ ನೋಡಿದರೆ ಲೋಕ ಕಾಯುವ ವೀರರೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗರಂತೆ ಕೈ ಇಳಿಬಿಟ್ಟು ಸಾಲಾಗಿ ನಿಂತಿದ್ದರು.