ಕಾರವಾರದ ಚಪಲ್, ಚೆಂಡಿಯಾದ ರಾಣೆ

1948ರ ಏಪ್ರಿಲ್‌ನಲ್ಲಿ ನಮ್ಮ ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳು ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದವು. ರಜಾಕಾರರ ಹಾವಳಿಗೆ ಮನೆಮಾರು ಬಿಟ್ಟವರು ಗಡಿಯಾಚೆ ಮುಂಬಯಿ ಪ್ರಾಂತದ ಊರುಗಳಲ್ಲಿ ಆಸರೆ ಪಡೆದಿದ್ದರು. ಅದೇ ಪ್ರಾಂತದ ತೆಂಕಣ ತುದಿಯ ಕಾರವಾರ ಸೀಮೆಯವರೊಬ್ಬರು ಆ ತಿಂಗಳು ಕಾಶ್ಮೀರ ಯುದ್ಧದಲ್ಲಿ, ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬು ಕೀಳುತ್ತಿದ್ದರು. ಕಾರವಾರದ ಯುದ್ಧ ಸ್ಮಾರಕಕ್ಕೆ ಹೋದವರು ಮೊದಲು ಅಲ್ಲಿ ನಿಲ್ಲಿಸಿರುವ ಹಡಗಿನತ್ತ ಓಡುತ್ತಾರೆ. ನನ್ನ ಕೇಳಿದರೆ ಕಥೆ ಶುರುವಾಗಬೇಕಾದದ್ದು ಈ ಮನುಷ್ಯನಿಂದ.

ರಾಮ ರಾಘೋಬ ರಾಣೆ ಹುಟ್ಟಿದ್ದು 1918ರ ಜೂನ್ 26ರಂದು. ಮೂಲ ಊರು ಕಾರವಾರ ಬಳಿಯ ಚೆಂಡಿಯಾ. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. 1940ರಲ್ಲಿ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಸೇರಿ, ಬರ್ಮಾದಲ್ಲಿ ಜಪಾನಿಯರ ಎದುರು ಕಾದಾಡಿ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಮರುವರ್ಷ ಏಪ್ರಿಲ್ 8ರಂದು ಅವರ ತಂಡದ ಮೇಲೆ ಮಾರ್ಟರ್ ಗುಂಡು ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯ. ಗಾಯಗೊಂಡವರಲ್ಲಿ ರಾಣೆಯೂ ಒಬ್ಬರು. ಹಿಂದಕ್ಕೆ ಹೋಗಿ ಆರೈಕೆ ಮಾಡಿಸಿಕೊಳ್ಳಬಹುದಿತ್ತು, ಹೋಗಲಿಲ್ಲ. ಮುಂದಿನ ಮೂರು ದಿನ ಟ್ಯಾಂಕುಗಳಿಗೆ ದಾರಿ ಮಾಡುವುದೇ ಕೆಲಸ. ದಾರಿಗಡ್ಡ ಕಡಿದು ಕೆಡವಿದ್ದ ಪೈನ್ ಮರಗಳನ್ನು ಸ್ಫೋಟಿಸಿ ಸರಿಸಬೇಕು, ಬಾಂಬು ತೆಗೆಯಬೇಕು, ಮೆಷಿನ್‌ಗನ್ನಿನ ಗುಂಡು ತಪ್ಪಿಸಿಕೊಳ್ಳಬೇಕು. ಟ್ಯಾಂಕಿನ ಅಡಿಯಲ್ಲೇ ತೆವಳಿ, ಹಗ್ಗ ಜಗ್ಗಿ ಚಾಲಕನಿಗೆ ‘ನಿಲ್ಲು’, ‘ನಡೆ’ ಎಂದು ಸನ್ನೆ ಮಾಡುತ್ತ ಸಾಗಿದರು. ಚಿಂಗಸ್ ತನಕ ದಾರಿ ತೆರೆಯಿತು. ಏಪ್ರಿಲ್ 12ರಂದು ರಜೌರಿ ಸೇನೆಯ ವಶವಾಯಿತು.

ಆ ಕಾಶ್ಮೀರ ಯುದ್ಧಕ್ಕೆ ಕೊಟ್ಟ ಪರಮವೀರ ಚಕ್ರ ಐದು. ಮೂರು ಮರಣೋತ್ತರ. ಬದುಕಿದ್ದು ಪಡೆದವರು ಕರಮ್ ಸಿಂಗ್ ಮತ್ತು ರಾಣೆ. ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿ ಆ ಪದಕ ಪಡೆದವರು ರಾಣೆ ಒಬ್ಬರೇ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತಿದೆ? ಮೇಜರ್ ಆಗಿ ನಿವೃತ್ತರಾದ ಅವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. 2006ರ ನವೆಂಬರ್ 7ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು.

ಪಕ್ಕದಲ್ಲಿರುವ ಹಡಗು ಐಎನ್ಎಸ್ ಚಪಲ್. ಸೋವಿಯತ್ ದೇಶದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿಯನ್ನು ನೌಕಾಪಡೆ ಕೊಟ್ಟಿತು, ಜಿಲ್ಲಾಡಳಿತ ದಡದಲ್ಲಿ ಜಾಗ ಮಾಡಿತು. ಒಳಗೆ ನಾವಿಕರ ಬೊಂಬೆಗಳಿವೆ. 1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿ ಇಟ್ಟದ್ದು ಇದೇ ಎಂದು ಹಲವರು ಬರೆದಿದ್ದಾರೆ. ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ! ಕರಾಚಿಗೆ ಹೋದವು ಇದಕ್ಕಿಂತ ಹಳೆಯ ನಿಪಾತ್, ನಿರ್ಘಾತ್, ವೀರ್‌ನಂಥ ದೋಣಿಗಳು. ಇಲ್ಲದ ಕೀರ್ತಿ ಅಂಟಿಸದಿದ್ದರೂ ಚಪಲ್‌ನ ಮರ್ಯಾದೆಗೆ ಕುಂದಿಲ್ಲ. ಈಚೆಗೆ ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನವೂ ಅಲ್ಲಿಗೆ ಬಂದಿದೆ.

ಚಪಲ್ ಸೇವೆ ಮುಗಿಸಿದ್ದು 2005ರ ಮೇ ತಿಂಗಳಲ್ಲಿ. ಕಾರವಾರದ ಕದಂಬ ನೌಕಾನೆಲೆ ಸೇವೆಗಿಳಿದದ್ದೂ ಅದೇ ತಿಂಗಳು. ಸೀಬರ್ಡ್ ಯೋಜನೆಯ ಆ ನೆಲೆಗಾಗಿ ಕಾರವಾರ, ಅಂಕೋಲಾ ಸೀಮೆಯ ಮೀನುಗಾರರು, ರೈತರು ಮನೆ, ಗದ್ದೆ, ದಡ ಬಿಟ್ಟೆದ್ದರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ದೇಶರಕ್ಷಣೆಯ ಲೆಕ್ಕದಲ್ಲಿ ಅವರ ಪಾಲನ್ನೂ ಬರೆಯಬೇಕು.

ನಮ್ಮ ಮೂರು ತಾಲ್ಲೂಕುಗಳಿಂದ ಸೇನೆಗೆ ಹೋದವರ ಮನೆಯವರಲ್ಲಿ ಒಂದು ಕೋರಿಕೆ: ಅವರ ಹೆಸರು, ಊರು, ಪಲ್ಟನ್, ಸೇವೆಯ ವರ್ಷಗಳನ್ನು ಬರೆದು, ಒಂದು ಫೋಟೊ ಜತೆಗಿಟ್ಟು ಮುಂದಿನ ಸಂಚಿಕೆಗೆ ಕಳಿಸಿಕೊಡಿ.