ಇನ್ನೊಂದೇ ಎಲೆ

ನಮ್ಮ ದೊಡ್ಡಪ್ಪನಿಗೆ ಇಸ್ಪೀಟಿನ ಹುಚ್ಚು. ಬಲಿಪಾಡ್ಯಮಿಯ ದಿನ ಜಗಲಿಯಲ್ಲಿ ಶುರುವಾದ ಆಟ ಅವರ ಪಾಲಿಗೆ ಯುಗಾದಿ ದಾಟಿದರೂ ಮುಗಿಯುತ್ತಿರಲಿಲ್ಲ. ಸೋತು ಬಂದ ರಾತ್ರಿ ಒಂದೇ ಮಾತು: "ಇನ್ನೊಂದೇ ಒಂದು ಎಲೆ ಬಂದಿದ್ದರೆ ಆಗಿತ್ತು ಕಣೇ." ದೊಡ್ಡಮ್ಮ ಸುಮ್ಮನೆ ತಟ್ಟೆ ಹಾಕುತ್ತಿದ್ದರು. ಅವರ ಚಿನ್ನದ ಬಳೆಗಳು ಒಂದೊಂದಾಗಿ ಗಿರವಿ ಅಂಗಡಿ ಸೇರಿದವು. ಆ ಒಂದು ಎಲೆ ಬರುವ ಸಂಭವ ಎಷ್ಟಿತ್ತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಅದು ಕೇಳಬಹುದಾದ ಪ್ರಶ್ನೆ ಎಂದು ನನಗೆ ಹೊಳೆದದ್ದು, ಸಂಖ್ಯಾಶಾಸ್ತ್ರ ಓದುತ್ತಿದ್ದ ಮಗಳು ರಜೆಗೆ ಬಂದು ಪೋಕರ್ ತೋರಿಸಿದಾಗ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಆಟವದು. ಕೈಗೆ ಐದು ಎಲೆ ಬರುತ್ತವೆ. ಬೇಡವಾದದ್ದನ್ನು ಬಿಟ್ಟು ಬದಲಿಗೆ ಬೇರೆ ಎಳೆಯಬಹುದು. ನಾಲ್ಕು ಆಟೀನ್ ಇದ್ದು ಐದನೆಯದಕ್ಕೆ ಕಾಯುತ್ತಿದ್ದೇವೆ ಎನ್ನೋಣ. ಕಟ್ಟಿನಲ್ಲಿ 52 ಎಲೆ, ನಾವು ಕಂಡದ್ದು 5. ಕಾಣದ 47ರಲ್ಲಿ ಆಟೀನ್ 9. ಒಂಬತ್ತು ನಮ್ಮ ಪರ, 38 ವಿರುದ್ಧ. ಐದು ಸಲ ಎಳೆದರೆ ಹೆಚ್ಚುಕಡಿಮೆ ಒಮ್ಮೆ ಸಿಕ್ಕೀತು. ಹತ್ತು ರೂಪಾಯಿ ಹಾಕಿ ಆಟದಲ್ಲಿ ಉಳಿಯಬೇಕಾದರೆ ನಡುವೆ ಆಗಲೇ 42 ರೂಪಾಯಿಗಿಂತ ಹೆಚ್ಚು ಬಿದ್ದಿರಬೇಕು. ಇಲ್ಲವಾದರೆ ಕೈ ಬಿಡುವುದೇ ಲೇಸು. ಐದು, ಆರು, ಎಂಟು, ಒಂಬತ್ತು ಹಿಡಿದು ನಡುವಿನ ಏಳಕ್ಕೆ ಕಾಯುವವನಿಗಂತೂ 47ರಲ್ಲಿ ನಾಲ್ಕೇ ಎಲೆ. ದೊಡ್ಡಪ್ಪ ಆಡುತ್ತಿದ್ದದ್ದು ರಮ್ಮಿ. ಆದರೂ ಅವರು ಕಾದದ್ದು ಇಂಥ ಏಳಕ್ಕೇ ಇರಬೇಕು ಅನ್ನಿಸಿತು.

ಈ ಲೆಕ್ಕದ ಹಿಂದೆ ಒಬ್ಬ ಜೂಜುಗಾರ ಇದ್ದಾನೆ. 1501ರಲ್ಲಿ ಇಟಲಿಯ ಪಾವಿಯಾದಲ್ಲಿ ಹುಟ್ಟಿದ ಜಿರೊಲಾಮೊ ಕಾರ್ಡಾನೊ, ಹೆಸರಾಂತ ವೈದ್ಯ, ಗಣಿತಜ್ಞ. ಎರಡು ದಾಳ ಉರುಳಿಸಿದರೆ 36 ಬಗೆಯಲ್ಲಿ ಬೀಳಬಹುದೆಂದು ಎಣಿಸಿದ, ಇಸ್ಪೀಟಾಟಗಳ ಬಗ್ಗೆಯೂ ಬರೆದ. ಅವನು 1576ರಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರೊಳಗೆ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು, ನಡುವೆ ನಿಂತುಹೋದ ಆಟದ ಪಣವನ್ನು ಹಂಚುವುದು ಹೇಗೆಂದು ಬಿಡಿಸಿದ್ದರು. ಆಗಿಹೋದದ್ದನ್ನಲ್ಲ, ಇನ್ನು ಆಗಬಹುದಾದದ್ದನ್ನು ಎಣಿಸಬೇಕು ಎಂಬುದೇ ಅವರ ಉತ್ತರ.

ಜೂಜಿನಲ್ಲಿ ಆಡದೇ ಇರುವುದೇ ದೊಡ್ಡ ಲಾಭವೆಂದು ಬರೆದವನೂ ಕಾರ್ಡಾನೊನೇ. ಆದರೂ ಇಪ್ಪತ್ತೈದು ವರ್ಷ ದಿನವೂ ಜೂಜಾಡಿದೆನೆಂದು ಆತ್ಮಕಥೆಯಲ್ಲಿ ನಾಚಿಕೊಂಡು ಒಪ್ಪಿಕೊಂಡಿದ್ದಾನೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ದೊಡ್ಡಪ್ಪ ಹೋಗಿ ಆಗಲೇ ಕೆಲವು ವರ್ಷ ಕಳೆದಿತ್ತು. "ಈ ಲೆಕ್ಕ ಗೊತ್ತಿದ್ದರೆ ಅವರು ಬಿಡುತ್ತಿದ್ದರೇನೇ?" ಎಂದು ಕೇಳಿದರು. ಬಿಡುತ್ತಿದ್ದರು ಎನ್ನಲು ನನಗೆ ಬಾಯಿ ಬರಲಿಲ್ಲ. ಲೆಕ್ಕ ಕಂಡುಹಿಡಿದವನೇ ಬಿಡಲಿಲ್ಲವಲ್ಲ.

ದೊಡ್ಡಮ್ಮ ಬರಿಗೈ ಸವರಿಕೊಂಡರು. "ಹಾಗಾದರೆ ಕಲಿಯಬೇಕಾಗಿದ್ದವಳು ನಾನೇ ಬಿಡು. ಬಳೆ ಬಿಚ್ಚಿಕೊಡು ಅಂದಾಗ, ಎಷ್ಟು ಎಲೆ ನಿಮ್ಮ ಕಡೆಗಿವೆ ಅಂತಲಾದರೂ ಕೇಳುತ್ತಿದ್ದೆ."