ಜಾವಾದ ಯುದ್ಧ ಮತ್ತು ನಮ್ಮ ಊರಿನ ಪ್ರೇಕ್ಷಕರು

ಕಳೆದ ಮಳೆಗಾಲದ ಒಂದು ಭಾನುವಾರ ಡೊಂಬಿವಲಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಐದಾರು ಮಂದಿ ಕೂಡಿ ಒಂದು ಡಚ್ ಯುದ್ಧಚಿತ್ರವನ್ನು ನೋಡಿದೆವು. ಹೆಸರು 'ದೆ ಓಸ್ಟ್', ಎಂದರೆ 'ಪೂರ್ವ'. 2021ರಲ್ಲಿ ಬಿಡುಗಡೆಯಾದ ಇದರ ನಿರ್ದೇಶಕ ಜಿಮ್ ತೈಹುತ್ತು. ಚಿತ್ರ ಮುಗಿದ ಮೇಲೆ ಅಭಿಪ್ರಾಯಗಳು ಹೊರಟವು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಯುದ್ಧಚಿತ್ರವೆಂದು ಕರೆದು ಯುದ್ಧವನ್ನೇ ಸರಿಯಾಗಿ ತೋರಿಸದೆ ಇಷ್ಟು ಹೊತ್ತು ಕೂರಿಸಿದರಲ್ಲ ಎಂದು ಆಕ್ಷೇಪಿಸಿದರು. ಐರೋಲಿಯಲ್ಲಿ ಕೆಲಸ ಮಾಡುವ ತರುಣಿಯೊಬ್ಬಳು, ಇದು ಕತೆಯಲ್ಲ, ಒಂದು ದೇಶದ ತಪ್ಪೊಪ್ಪಿಗೆ ಎಂದಳು. ಬೆಳಗಾವಿ ಕಡೆಯ ಹಿರಿಯರೊಬ್ಬರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಇದರೊಳಗ ನಮ್ಮವರು ಎಲ್ಲಿ ಅದಾರ?" ಎಂದು ಕೇಳಿದರು. ಜಾವಾ ಎಲ್ಲಿ, ನಮ್ಮವರು ಎಲ್ಲಿ ಎಂದು ನಮಗೆ ಆ ಕ್ಷಣ ತೋಚಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಓದಿದ್ದರ ಫಲ ಈ ಬರಹ.

ಮೊದಲು ಚಿತ್ರದ ವಿಚಾರ. ಡಚ್ಚರ ಯುದ್ಧಚಿತ್ರವೆಂದರೆ ಬಹುಕಾಲ 1940ರಿಂದ 1945ರವರೆಗಿನ ನಾಜಿ ಆಕ್ರಮಣದ ಕತೆಯೇ ಆಗಿತ್ತು. ಪಾಲ್ ವರ್ಹೂವನ್ ಅವರ 1977ರ 'ಸೋಲ್ಡಾಟ್ ಫಾನ್ ಓರಾನ್ಯೆ' ಆಗಲಿ, 2006ರ 'ಜ್ವಾರ್ತ್‌ಬುಕ್' ಆಗಲಿ ಆ ಐದು ವರ್ಷಗಳೊಳಗೇ ಸುತ್ತುತ್ತವೆ. ಅಲ್ಲಿ ಡಚ್ಚರು ಪೀಡಿತರು, ಪ್ರತಿಭಟಿಸಿದವರು. ಅವರಲ್ಲಿ ದ್ರೋಹಿಗಳಿದ್ದರೂ ಸೂಟಿ ಯಾರದು ಎಂಬುದರಲ್ಲಿ ಸಂದೇಹವಿಲ್ಲ. 'ದೆ ಓಸ್ಟ್' ಈ ಚೌಕಟ್ಟನ್ನು ಮಗುಚಿ ಹಾಕುತ್ತದೆ. ನಾಜಿ ಪಕ್ಷಪಾತಿ ತಂದೆಯ ಕಳಂಕವನ್ನು ತೊಳೆಯಬಯಸುವ ಯುವಕನೊಬ್ಬ ಸ್ವಯಂಪ್ರೇರಣೆಯಿಂದ ಸೈನ್ಯ ಸೇರಿ ಜಾವಾಕ್ಕೆ ಬರುತ್ತಾನೆ. ಅಲ್ಲಿ 'ತುರ್ಕ' ಎಂಬ ಅಡ್ಡಹೆಸರಿನ ಅಧಿಕಾರಿ ರೇಮಂಡ್ ವೆಸ್ಟರ್ಲಿಂಗ್‌ನ ಮೋಡಿಗೆ ಸಿಲುಕಿ, ತಾನು ಯಾವುದರಿಂದ ಓಡಿಬಂದನೋ ಅದನ್ನೇ ಮಾಡತೊಡಗುತ್ತಾನೆ. ವೆಸ್ಟರ್ಲಿಂಗ್ ಕಲ್ಪಿತ ವ್ಯಕ್ತಿಯಲ್ಲ. 1946ರ ಡಿಸೆಂಬರಿನಿಂದ ಕೆಲವು ತಿಂಗಳು ದಕ್ಷಿಣ ಸುಲಾವೆಸಿಯಲ್ಲಿ ಊರಿನ ಗಂಡಸರನ್ನು ಬಯಲಿಗೆ ತಂದು, ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಿಸಿದವನು. ಸತ್ತವರು 40,000 ಎಂದು ಇಂಡೋನೇಷ್ಯಾ ಹೇಳುತ್ತ ಬಂದಿದೆ. ಡಚ್ ಲೆಕ್ಕ ಕೆಲವು ಸಾವಿರಗಳಲ್ಲಿ ನಿಲ್ಲುತ್ತದೆ.

ನೆದರ್‌ಲ್ಯಾಂಡ್ಸಿನಲ್ಲಿ ಪ್ರೇಕ್ಷಕರು ಎರಡಾಗಿ ಒಡೆದರು. ವೆಸ್ಟರ್ಲಿಂಗ್‌ಗೆ ತೊಡಿಸಿದ ಕಪ್ಪು ಸಮವಸ್ತ್ರ ಮತ್ತು ಮೀಸೆಯನ್ನು ಕಂಡು, ನಮ್ಮ ಸೈನಿಕರನ್ನು ನಾಜಿಗಳಿಗೆ ಹೋಲಿಸಿದ್ದಾರೆಂದು ಮಾಜಿ ಸೈನಿಕರ ಕಡೆಯವರು ಸಿಟ್ಟಾದರು. 1945-46ರ ಗಲಭೆಯಲ್ಲಿ ಇಂಡೋನೇಷ್ಯಾದ ಯುವಪಡೆಗಳ ಕೈಯಲ್ಲಿ ಮಡಿದ ಸಾವಿರಾರು ಡಚ್ಚರ ಮತ್ತು ಮಿಶ್ರವಂಶದವರ ನೋವು ಚಿತ್ರದಲ್ಲಿ ಕಾಣುವುದಿಲ್ಲವೆಂಬುದು ಮಿಶ್ರವಂಶದ ಕುಟುಂಬಗಳ ದೂರು. ಈ ದೂರನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಜಪಾನಿ ಶಿಬಿರಗಳಿಂದ ಹೊರಬಂದ ಮರುದಿನವೇ ಮತ್ತೆ ಜೀವಭಯಕ್ಕೆ ಬಿದ್ದವರು ಅವರು. ಇನ್ನುಳಿದವರು, ಇಷ್ಟು ತಡವಾಗಿಯಾದರೂ ಯಾರೋ ಮಾತಾಡಿದರಲ್ಲ ಎಂದರು.

ತಡವೆಂಬುದು ನಿಜ. 1969ರ ಜನವರಿಯಲ್ಲಿ ಯೋಪ್ ಹ್ಯೂಟಿಂಗ್ ಎಂಬ ಮಾಜಿ ಸೈನಿಕ ಟೆಲಿವಿಷನ್ ಮುಂದೆ ಕುಳಿತು, ನಾವು ಅಲ್ಲಿ ಯುದ್ಧಾಪರಾಧಗಳನ್ನು ಮಾಡಿದ್ದೇವೆ ಎಂದು ಹೇಳಿದ್ದ. ಬೆದರಿಕೆಗಳು ಎಷ್ಟು ಬಂದವೆಂದರೆ ಅವನು ಹೆಂಡತಿ ಮಕ್ಕಳೊಂದಿಗೆ ಅಡಗಿಕೊಳ್ಳಬೇಕಾಯಿತು. ಆಗ ಸರಕಾರ ಅವಸರದಲ್ಲಿ ಕಡತಗಳನ್ನು ತಡಕಿ, ಅಲ್ಲೊಂದು ಇಲ್ಲೊಂದು ಅತಿರೇಕ ನಡೆದಿರಬಹುದು, ಒಟ್ಟಾರೆ ಸೇನೆ ಸರಿಯಾಗಿಯೇ ನಡೆದುಕೊಂಡಿತು ಎಂದು ವರದಿ ಕೊಟ್ಟು ಕೈತೊಳೆದುಕೊಂಡಿತು. ಆ ನಿಲುವು ಅರ್ಧ ಶತಮಾನ ಉಳಿಯಿತು. ಚಿತ್ರ ಬಂದ ಮರುವರ್ಷ, 2022ರ ಫೆಬ್ರವರಿ 17ರಂದು, ಮೂರು ಡಚ್ ಸಂಶೋಧನಾ ಸಂಸ್ಥೆಗಳ ಜಂಟಿ ಅಧ್ಯಯನವು ಆ ಹಿಂಸೆ ವ್ಯವಸ್ಥಿತವೂ ವ್ಯಾಪಕವೂ ಆಗಿತ್ತೆಂದು ತೀರ್ಮಾನಿಸಿತು. ಅದೇ ದಿನ ಪ್ರಧಾನಿ ಮಾರ್ಕ್ ರುತ್ತೆ ಇಂಡೋನೇಷ್ಯಾದ ಜನರ ಕ್ಷಮೆ ಕೇಳಿದರು.

ಇನ್ನು ನಮ್ಮ ಹಿರಿಯರ ಪ್ರಶ್ನೆ. ಚಿತ್ರದ ಕತೆ ತೆರೆಯುವುದು ಡಚ್ ತರುಣರು ಜಾವಾದಲ್ಲಿ ಇಳಿದ ಮೇಲೆ. ಅವರು ಅಲ್ಲಿಗೆ ಬಂದದ್ದು 1946ರ ಮಾರ್ಚಿನ ಸುಮಾರಿಗೆ. ಸುಕಾರ್ನೊ ಮತ್ತು ಹತ್ತಾ ಸ್ವಾತಂತ್ರ್ಯ ಘೋಷಿಸಿದ್ದು 1945ರ ಆಗಸ್ಟ್ 17ರಂದು. ಹಾಗಾದರೆ ನಡುವಿನ ತಿಂಗಳುಗಳಲ್ಲಿ ಜಾವಾವನ್ನು ಹಿಡಿದಿಟ್ಟವರು ಯಾರು? ತಾನೇ ಆಗಷ್ಟೆ ಬಿಡುಗಡೆಯಾದ ನೆದರ್‌ಲ್ಯಾಂಡ್ಸಿಗೆ ಕಳಿಸಲು ಸೈನ್ಯವಿರಲಿಲ್ಲ. ಜಪಾನೀಯರ ಶಸ್ತ್ರ ಕಸಿಯುವ, ಕೈದಿಗಳನ್ನು ಬಿಡಿಸುವ ಹೊಣೆ ಮೌಂಟ್‌ಬ್ಯಾಟನ್ನರ ಕೈಕೆಳಗಿನ ಬ್ರಿಟಿಷ್ ಸೇನೆಗೆ ಬಿತ್ತು. ಆ ಸೇನೆಯೆಂದರೆ ಬಹುಪಾಲು ಭಾರತೀಯರು.

1945ರ ಅಕ್ಟೋಬರ್ ಕೊನೆಯ ವಾರದಲ್ಲಿ ಸುರಬಾಯಾ ಬಂದರಿನಲ್ಲಿ ಇಳಿದದ್ದು 49ನೇ ಭಾರತೀಯ ಪದಾತಿ ಬ್ರಿಗೇಡ್. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಗಳಿದ್ದವು. ಆ ರೆಜಿಮೆಂಟಿನ ತರಬೇತಿ ಕೇಂದ್ರವಿದ್ದದ್ದು, ಇಂದಿಗೂ ಇರುವುದು, ನಮ್ಮ ಬೆಳಗಾವಿಯಲ್ಲಿ. ನಗರದಲ್ಲಿ ಹರಿದು ಹಂಚಿಹೋಗಿದ್ದ ಈ ಸಣ್ಣ ಪಡೆಯ ಮೇಲೆ ಸಾವಿರಾರು ಸಶಸ್ತ್ರ ಜನ ಏರಿಬಂದರು. ಅಕ್ಟೋಬರ್ 30ರಂದು ಬ್ರಿಗೇಡಿಯರ್ ಮ್ಯಾಲಬಿ ಕೊಲೆಯಾದರು. ಪ್ರತಿಯಾಗಿ ನವೆಂಬರ್ 10ರಂದು 5ನೇ ಭಾರತೀಯ ಡಿವಿಜನ್, ಯುದ್ಧನೌಕೆ ಮತ್ತು ವಿಮಾನಗಳ ನೆರವಿನೊಂದಿಗೆ ನಗರಕ್ಕೆ ನುಗ್ಗಿತು. ಸುಮಾರು ಮೂರು ವಾರ ಕಾದಾಟ ನಡೆಯಿತು. ಇಂಡೋನೇಷ್ಯಾ ಇಂದಿಗೂ ಆ ದಿನವನ್ನು ವೀರರ ದಿನವೆಂದು ಆಚರಿಸುತ್ತದೆ. ಆ ವೀರರ ಎದುರು ಬಂದೂಕು ಹಿಡಿದು ನಿಂತವರು ನಮ್ಮವರೇ. ಜಕಾರ್ತದ ಬಳಿಯ ಬೆಕಾಸಿಯಲ್ಲಿ ಇಳಿದ ವಿಮಾನವೊಂದರ ಬ್ರಿಟಿಷ್ ಮತ್ತು ಭಾರತೀಯ ಸೈನಿಕರನ್ನು ಕೊಂದುದಕ್ಕೆ ಸೇಡಾಗಿ, ಡಿಸೆಂಬರಿನಲ್ಲಿ ಆ ಊರನ್ನೇ ಸುಡಲಾಯಿತು. ಡಚ್ಚರ ಪಾಪವನ್ನು ಸೋಫಾದ ಮೇಲೆ ಕುಳಿತು ಅಳೆಯುತ್ತಿದ್ದ ನನಗೆ ಇದನ್ನು ಓದಿದಾಗ ಇರಿಸುಮುರಿಸಾಯಿತು.

ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಕೆಲವು ನೂರು ಸೈನಿಕರು ಪಡೆ ತೊರೆದು ಇಂಡೋನೇಷ್ಯಾದವರ ಪಕ್ಷ ಸೇರಿದರು. ಸೇನೆಯ ಪ್ರಚಾರ ವಿಭಾಗದಲ್ಲಿದ್ದ ಪಿ.ಆರ್.ಎಸ್. ಮಣಿ ಆ ಕೆಲಸವನ್ನು ಬಿಟ್ಟು ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಗೆ ಜಾವಾದಿಂದ ವರದಿ ಬರೆದರು. ಇಲ್ಲಿ ನೆಹರೂ, ಬೇರೊಬ್ಬರ ಸ್ವಾತಂತ್ರ್ಯವನ್ನು ಹತ್ತಿಕ್ಕಲು ನಮ್ಮ ಸೈನಿಕರನ್ನು ಬಳಸುವುದನ್ನು ಕಟುವಾಗಿ ಖಂಡಿಸಿದರು.

ಈ ಸಿಟ್ಟು ನಮ್ಮ ಊರುಗಳ ಅಂಚಿಗೇ ಬಂದು ತಲುಪಿತ್ತು. 1946ರ ಫೆಬ್ರವರಿ 18ರಂದು ಮುಂಬಯಿಯ 'ತಲ್ವಾರ್' ನೌಕಾನೆಲೆಯಲ್ಲಿ ನಾವಿಕರು ಬಂಡೆದ್ದರು. ಕೆಟ್ಟ ಊಟ, ಬಿಳಿಯ ಅಧಿಕಾರಿಗಳ ಬೈಗುಳ ಎಂದಷ್ಟೇ ನಾವು ಶಾಲೆಯಲ್ಲಿ ಓದಿದ್ದು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಇಂಡೋನೇಷ್ಯಾದಿಂದ ಭಾರತೀಯ ಪಡೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬುದೂ ಇತ್ತು. ಥಾಣೆಯ ಕೋಲ್‌ಶೇತ್‌ನಲ್ಲಿದ್ದ 'ಅಕ್ಬರ್' ನೌಕಾ ಕೇಂದ್ರದ ನಾವಿಕರೂ ಬಂಡಾಯ ಸೇರಿದರು. ತಿಂಗಳ ಸಂಬಳಕ್ಕಾಗಿ ಸೇರಿದ ಹುಡುಗರು, ತಾವು ಎಂದೂ ಕಾಣದ ದ್ವೀಪದ ಜನರ ಪರವಾಗಿ ತಮ್ಮ ಬೇಡಿಕೆಯಲ್ಲಿ ಒಂದು ಸಾಲು ಸೇರಿಸಿದ್ದರು. ಆ ವಾರ ಬೀದಿಗಿಳಿದ ಮುಂಬಯಿಯ ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಕಲ್ಯಾಣದ ಪಕ್ಕದ ಸೈನಿಕ ಶಿಬಿರವಂತೂ ಮುಂದೆ ಸಿಂಧಿ ನಿರಾಶ್ರಿತರ ಉಲ್ಹಾಸನಗರವಾಗಿ, ತನ್ನ ಮೊದಲ ಹೆಸರನ್ನು 'ಕ್ಯಾಂಪ್' ಎಂಬ ಮಾತಿನಲ್ಲಷ್ಟೇ ಉಳಿಸಿಕೊಂಡಿದೆ.

ಇಷ್ಟೆಲ್ಲ ಓದಿ ಮುಂದಿನ ಕೂಟದಲ್ಲಿ ಹೇಳಿದಾಗ ಬ್ಯಾಂಕಿನ ಮಿತ್ರರು, ಹಾಗಾದರೆ ಚಿತ್ರವನ್ನು ಇನ್ನೊಮ್ಮೆ ನೋಡೋಣ ಎಂದರು. ಬೆಳಗಾವಿಯ ಹಿರಿಯರಿಗೆ ಇದ್ಯಾವುದೂ ಹೊಸದಾಗಿರಲಿಲ್ಲ. ಅವರ ಸೋದರಮಾವ ಆ ಪಡೆಯಲ್ಲಿದ್ದರಂತೆ. ಬರ್ಮಾದ ಕತೆಗಳನ್ನು ಮಕ್ಕಳನ್ನು ಕೂರಿಸಿಕೊಂಡು ವರ್ಷಗಟ್ಟಲೆ ಹೇಳುತ್ತಿದ್ದವರು, ಜಾವಾದ ಮಾತು ಬಂದರೆ ಎದ್ದು ದನಗಳಿಗೆ ಮೇವು ಹಾಕಲು ಹೋಗುತ್ತಿದ್ದರಂತೆ.